ಗಾಳಕ್ಕಿಂತ ಮೊದಲು ಕೆರೆ

ನಿಮ್ಮ ಅಳಿಯ ಕೆನಡಾದಿಂದ ಕಳಿಸಿದ ವಿಡಿಯೋ ನಾನೂ ನೋಡಿದೆ ಕಣಕ್ಕಾ. ನಿಮ್ಮ ಹುಡುಗ ಬೇಲಿ ಹತ್ರ ಬಂದು ತೋರಿಸಿದ. ಪುಟ್ಟ ಬೋಟು, ಹಿಂದೆ ಹಿಮದ ಬೆಟ್ಟ, ಅಳಿಯಂದಿರ ಎರಡೂ ಕೈ ತುಂಬಾ ಬೆಳ್ಳಗೆ ಹೊಳೆಯೋ ಮೀನು. ಅದು ಚಿನೂಕ್ ಅನ್ನೋ ಜಾತಿಯ ಸಾಲ್ಮನ್. ವ್ಯಾಂಕೂವರ್ ಕಡೆಯವರು ಅದನ್ನ ‘ಸ್ಪ್ರಿಂಗ್’ ಅಂತಲೇ ಕರೀತಾರೆ. ಚಳಿ ಕಳೆದು ವಸಂತ ಬಂದ ಕೂಡಲೇ ಸಮುದ್ರ ಬಿಟ್ಟು ನದಿ ಹತ್ತೋ ಗುಂಪುಗಳು ಆ ಮೀನಲ್ಲಿ ಇವೆ.

“ಅದೇ ಆಗಿರೋದು ಮೇಷ್ಟ್ರೇ. ಅದನ್ನ ನೋಡಿದಾಗಿಂದ ಇವನಿಗೆ ಒಂದೇ ಹಟ. ಯುಗಾದಿ ಹೊತ್ಗೆ ತಾನೂ ತೆಪ್ಪ ಹತ್ಬೇಕಂತೆ, ನಮ್ಮ ಕೆರೇಲೇ ಮೀನು ಹಿಡೀಬೇಕಂತೆ. ನನಗೆ ನೀರಂದ್ರೆ ಎದೆ ಝಲ್ ಅಂತೈತೆ. ನೀವಾದ್ರೂ ಒಂದು ಮಾತು ಹೇಳಿ.”

ಬೇಡ ಅಂತ ನಾನು ಹೇಳಲ್ಲ ಅಕ್ಕಾ. ಡಿಗ್ರಿ ಮುಗಿಸಿ ಮೊಬೈಲ್ ಹಿಡ್ಕೊಂಡು ಕೂತಿರೋ ಹುಡುಗ ಕೆರೆ ಕಡೆ ಮುಖ ಮಾಡ್ತೀನಿ ಅಂತಾನಲ್ಲ, ಅದು ಒಳ್ಳೇದೇ. ಆದರೆ ಕಲಿಯೋಕೆ ಒಂದು ಕ್ರಮ ಇದೆ. ಅವನು ಮೊದಲು ಗಾಳ ಕೊಳ್ಳಬೇಕು ಅಂತ ಕೂತಿದಾನೆ. ನಾನು ಹೇಳೋದು ಮೊದಲು ಕೆರೆ, ಆಮೇಲೆ ತೆಪ್ಪ, ಕೊನೇಲಿ ಗಾಳ. ಈ ಕ್ರಮ ತಪ್ಪಬಾರದು.

ಯುಗಾದಿ ಸಮಯಕ್ಕೆ ಶುರು ಮಾಡ್ತೀನಿ ಅಂದನಲ್ಲ, ಅದು ಸರಿಯಾದ ಕಾಲವೇ. ಈಗ ದಿನದಿನಕ್ಕೆ ಕೆರೆಯ ನೀರು ಹಿಂದಕ್ಕೆ ಸರೀತಾ ಇದೆ. ಮಳೆಗಾಲದಲ್ಲಿ ನೀರಿನ ಕೆಳಗೆ ಮುಚ್ಚಿಹೋಗಿದ್ದ ಅಂಗಳ ಈಗ ಕಾಣುತ್ತೆ. ಹಿನ್ನೀರಿನ ಕಡೆಯಿಂದ ಇಳಿದು ನಡೀತಾ ಹೋದರೆ ಕೆರೆಯ ಹೊಟ್ಟೆ ಪೂರ್ತಿ ಕಣ್ಣಿಗೆ ಬೀಳುತ್ತೆ: ರಾಜಕಾಲುವೆ ಎಲ್ಲಿ ಬಂದು ಸೇರುತ್ತೆ, ಹಳ್ಳದ ಜಾಡು ಎಲ್ಲಿ ಹಾದು ತೂಬಿಗೆ ಹೋಗುತ್ತೆ, ಎಲ್ಲಿ ಬಂಡೆ, ಎಲ್ಲಿ ಹೂಳು. ನಮ್ಮ ಕಡೆ ಕೆರೆಗಳೆಲ್ಲ ಒಂದೇ ರೀತಿ ಕಟ್ಟಿರೋದು. ಏರಿ ಪಕ್ಕ, ತೂಬಿನ ಮುಂದೆ ಆಳ. ಹಿನ್ನೀರಿನ ಕಡೆ ಹೋದಷ್ಟೂ ಮೊಣಕಾಲುದ್ದ. ಬಿಸಿಲೇರಿದಾಗ ದೊಡ್ಡ ಮೀನು ತೂಬಿನ ಕಡೆ ಇಳಿಯುತ್ತೆ, ಬೆಳಗಿನ ಜಾವ ಮತ್ತೆ ಸಂಜೆ ಅಂಚಿಗೆ ಮೇಯೋಕೆ ಬರುತ್ತೆ. ಅಂಗಳದಲ್ಲಿ ನಡೆದು ಇದನ್ನೆಲ್ಲ ಗುರುತಿಟ್ಟುಕೊಂಡವನಿಗೆ ನೀರು ತುಂಬಿದ ಮೇಲೂ ತಾನು ಎಲ್ಲಿದೀನಿ ಅಂತ ಗೊತ್ತಿರುತ್ತೆ.

ಇನ್ನೊಂದು ಕಾರಣಾನೂ ಇದೆ. ನಿಮಗೆ ಎದೆ ಝಲ್ ಅನ್ನೋದು ಸುಮ್ಮನೆ ಅಲ್ಲ. ನಮ್ಮ ಕೆರೆಗಳು ಎಷ್ಟೋ ವರ್ಷ ಒಣಗಿ ಬಿದ್ದಿದ್ದವು. ಆಗ ಅಂಗಳದಲ್ಲಿ ಜಾಲಿ ಬೆಳೀತು. ಇಟ್ಟಿಗೆ ಗೂಡಿಗೆ, ತೋಟಕ್ಕೆ ಅಂತ ಮಣ್ಣು ತೆಗೆದರು, ಮರಳು ತೆಗೆದರು. ತೆಗೆದವರು ಗುಂಡಿ ಮುಚ್ಚಲಿಲ್ಲ. 2021ರ ನವೆಂಬರಿನಲ್ಲಿ ಮಳೆ ಸುರಿದು ಜಿಲ್ಲೆಯ ಎಷ್ಟೋ ಕೆರೆ ಕೋಡಿ ಹೋದಾಗ ಆ ಗುಂಡಿಗಳೆಲ್ಲ ನೀರಲ್ಲಿ ಮುಚ್ಚಿಹೋದವು, ಜಾಲಿ ಮರ ನಿಂತಂಗೇ ಮುಳುಗಿದವು. ಮೇಲಿಂದ ನೋಡಿದರೆ ಸಮತಟ್ಟು ನೀರು. ಸೊಂಟದುದ್ದ ಇದೆ ಅಂತ ಕಾಲಿಟ್ಟರೆ ಮುಂದಿನ ಹೆಜ್ಜೆಗೆ ಎರಡಾಳು ಆಳ. ಕೆರೇಲಿ ಈಜು ಬರೋ ಹುಡುಗರೂ ಹೋಗಿರೋದು ಇಂಥ ಗುಂಡೀಲೇ. ಅದಕ್ಕೇ ಈಗ, ಅಂಗಳ ಬಯಲಾಗಿರುವಾಗಲೇ, ಪ್ರತಿ ಗುಂಡಿಯ ದಡದಲ್ಲಿ ನಿಂತು ನೋಡಿ ಬರಲಿ. ಮುಳುಗೋ ಜಾಲಿ ಕೊಂಬೆ ಯಾವ ಕಡೆ ಇವೆ ನೋಡ್ಕೊಳ್ಳಲಿ. ಬಲೆ ಹರಿಯೋದೂ ಅಲ್ಲೇ, ಫೈಬರ್ ತೆಪ್ಪಕ್ಕೆ ಪೆಟ್ಟು ಬೀಳೋದೂ ಅಲ್ಲೇ.

“ಅಲ್ಲಾ ಮೇಷ್ಟ್ರೇ, ಕೆರೆ ಊರಿಂದು. ಮೀನು ಯಾರಾದ್ರೂ ಹಿಡೀಬಹುದಲ್ವಾ?”

ಕೆರೆ ಊರಿಂದು ಅಕ್ಕಾ, ಮೀನು ಹಂಗಲ್ಲ. ಇದನ್ನ ಹುಡುಗನಿಗೆ ಬಿಡಿಸಿ ಹೇಳ್ಬೇಕು. ನಮ್ಮ ಕೆರೇಲಿ ಇರೋ ಕಾಟ್ಲಾ, ರೋಹು, ಮೃಗಾಲ್ ಮೂರೂ ತಾವಾಗೇ ಹುಟ್ಟಿ ಬೆಳೆದ ಮೀನಲ್ಲ. ಅವು ಮೂಲದಲ್ಲಿ ಗಂಗಾ ಬಯಲಿನ ಹರಿಯೋ ನದಿಗಳವು. ನಿಂತ ನೀರಲ್ಲಿ ದೊಡ್ಡದಾಗಿ ಬೆಳೀತವೆ, ಹೊಟ್ಟೇಲಿ ಮೊಟ್ಟೇನೂ ತುಂಬುತ್ತೆ, ಆದರೆ ಪ್ರವಾಹದ ನೀರು ಮೈಗೆ ಸೋಕದೆ ಮೊಟ್ಟೆ ಇಡಲ್ಲ. ಹಿಂದೆಲ್ಲ ನದೀಲಿ ಬಲೆ ಹಾಕಿ ಮರಿ ಸೋಸಿ ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ, ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ರಸ ತೆಗೆದು, ಬಲಿತ ಮೀನಿಗೆ ಚುಚ್ಚಿ, ನಿಂತ ನೀರಲ್ಲೇ ಮೊಟ್ಟೆ ಇಡಿಸಿದರು. ದೇಶದಲ್ಲಿ ಇವತ್ತಿಗೂ ಆ ದಿನಾನ ಮೀನು ಕೃಷಿಕರ ದಿನ ಅಂತ ಆಚರಿಸ್ತಾರೆ. ನಮ್ಮಂಥ ಹೊಳೆ ಇಲ್ಲದ ಸೀಮೆಯ ಕೆರೆಗೆ ಮೀನಿನ ಬಿತ್ತನೆ ಬರೋ ಹಾಗಾಗಿದ್ದು ಆ ವಿದ್ಯೆಯಿಂದ.

ನಂದಿ ಬೆಟ್ಟದ ಸಾಲಲ್ಲಿ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಎಲ್ಲ ಹುಟ್ಟುತ್ತವೆ. ಆದರೂ ವರ್ಷವಿಡೀ ಹರಿಯೋ ಹೊಳೆ ಒಂದೂ ನಮ್ಮ ಜಿಲ್ಲೇಲಿಲ್ಲ. ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಹೋಗುತ್ತೆ ಅಂತ ಪುಸ್ತಕದಲ್ಲಿ ಓದ್ತೀವಿ, ಹೆಚ್ಚಿನ ದಿನ ಅಲ್ಲಿ ಕಾಣೋದು ಮರಳು, ಜೊಂಡು. ಹಾಗಾಗಿ ನಮ್ಮ ಮೀನೆಲ್ಲ ಕೆರೆ ಮೀನೇ. ಪ್ರತಿ ವರ್ಷ ಮಳೆ ಬಂದು ನೀರು ನಿಂತ ಮೇಲೆ ಯಾರೋ ದುಡ್ಡು ಕೊಟ್ಟು ಬೆರಳುದ್ದದ ಮರಿ ತಂದು ಬಿಡಬೇಕು. ಸಣ್ಣ ಕೆರೆಯಾದರೆ ಪಂಚಾಯ್ತಿ ಹರಾಜು ಹಾಕುತ್ತೆ, ದೊಡ್ಡದಾದರೆ ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಡುತ್ತೆ. ಮೀನುಗಾರರ ಸಹಕಾರ ಸಂಘ ಹಿಡಿಯುತ್ತೆ, ಇಲ್ಲಾ ಯಾರಾದರೂ ಗುತ್ತಿಗೆದಾರ ಹಿಡೀತಾನೆ. ಮಳೆ ಕೈಕೊಟ್ಟರೆ ಬಿಟ್ಟ ಮರಿಯೆಲ್ಲ ಕೆಸರಿಗೆ. ಹಂಗಿರುವಾಗ ಹೇಳದೆ ಕೇಳದೆ ಗಾಳ ಹಾಕೋದು ಬೇರೆಯವರ ಹೊಲದಲ್ಲಿ ತೆನೆ ಮುರಿದಂಗೆ.

ಅವನ ಭಾವನನ್ನೇ ಕೇಳಲಿ. ಅಲ್ಲಿ ಸಮುದ್ರದಲ್ಲಿ ಗಾಳ ಹಾಕೋಕೂ ಲೈಸೆನ್ಸ್ ಬೇಕು. ಹಿಡಿದ ಚಿನೂಕ್ ಇಟ್ಟುಕೊಳ್ಳೋದಾದರೆ ಅಲ್ಲೇ, ಆಗಲೇ, ಲೈಸೆನ್ಸಿನಲ್ಲಿ ಬರೆದುಕೊಳ್ಳಬೇಕು. ಇಂತಿಷ್ಟೇ ಅಂತ ಲೆಕ್ಕ ಇದೆ. ನಮ್ಮಲ್ಲಿ ಅಷ್ಟು ಕಾಗದ ಪತ್ರ ಬೇಡ. ಗುತ್ತಿಗೆ ಹಿಡಿದವರ ಹತ್ರ ಹೋಗಿ, “ಅಣ್ಣಾ, ನಾನು ಕಲೀಬೇಕು, ಗಾಳ ಹಾಕ್ಲಾ, ಮೀನು ಸಿಕ್ಕರೆ ತೂಕ ಹಾಕಿ ದುಡ್ಡು ಕೊಡ್ತೀನಿ” ಅಂದರೆ ಯಾರೂ ಬೇಡ ಅನ್ನಲ್ಲ. ಬೆಳಗಿನ ಜಾವ ಬಲೆ ಎತ್ತೋವಾಗ ಜೊತೆಗೆ ಕೈ ಹಾಕಿದರೆ ಅವರೇ ತೆಪ್ಪದಲ್ಲಿ ಕೂರಿಸ್ಕೊಂಡು ಹೋಗ್ತಾರೆ. ಕಲಿಯೋಕೆ ಅದಕ್ಕಿಂತ ಒಳ್ಳೆ ಶಾಲೆ ಇಲ್ಲ.

“ತೆಪ್ಪ ಅಂದ್ರೇನೇ ನಂಗೆ ಭಯ ಮೇಷ್ಟ್ರೇ. ಬುಟ್ಟಿ ಇದ್ದಂಗೈತೆ. ಅದು ನಿಲ್ತೈತಾ?”

ನಿಲ್ಲುತ್ತೆ ಅಕ್ಕಾ, ಕೂತವರು ನೆಟ್ಟಗೆ ಕೂತರೆ. ತಳ ಅಗಲ ಇರೋದ್ರಿಂದ ಸುಲಭಕ್ಕೆ ಮಗುಚಲ್ಲ. ಹಳೇ ಕಾಲದಲ್ಲಿ ಬಿದಿರು ಹೆಣೆದು ಚರ್ಮ ಹೊದಿಸ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿದರು. ಈಗ ಹೆಚ್ಚಿನ ಕಡೆ ಫೈಬರಿಂದು. ಕಾವೇರಿ ಕಡೆ ತೆಪ್ಪ, ತುಂಗಭದ್ರೆ ಕಡೆ ಹರಿಗೋಲು, ಎಲ್ಲಾ ಅದೇ ದುಂಡನೆ ದೋಣಿ. ಒಬ್ಬನೇ ತಲೆ ಮೇಲೆ ಬೋರಲು ಹೊತ್ತು ಏರಿ ಇಳಿಯಬಹುದಾದಷ್ಟು ಹಗುರ. ನಾಲ್ಕು ಬೆರಳು ನೀರಲ್ಲೂ ತೇಲುತ್ತೆ. ನಮ್ಮಂಥ ಕೆರೆಗೆ ಇದಕ್ಕಿಂತ ಹೊಂದೋ ದೋಣಿ ಇಲ್ಲ.

ಕಷ್ಟ ಇರೋದು ಹುಟ್ಟು ಹಾಕೋದ್ರಲ್ಲಿ. ಬೋಟಿಗೆ ಹಾಕಿದಂಗೆ ಪಕ್ಕದಲ್ಲಿ ಹುಟ್ಟು ಹಾಕಿದರೆ ತೆಪ್ಪ ಮುಂದಕ್ಕೆ ಹೋಗಲ್ಲ, ಇದ್ದಲ್ಲೇ ಸುತ್ತುತ್ತೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಅಂಚಿಗೆ ಮೊಣಕಾಲು ಊರಿ, ಹುಟ್ಟನ್ನ ಎದುರಿಗೇ ಇಳಿಸಬೇಕು. ಇಳಿಸಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಆಡಿಸ್ತಾ ನೀರನ್ನ ತನ್ನ ಕಡೆ ಎಳ್ಕೋಬೇಕು. ಮಣಿಕಟ್ಟು ಪ್ರತಿ ಸಲ ಸ್ವಲ್ಪ ತಿರುಗಬೇಕು, ಹುಟ್ಟಿನ ಹಲಗೆ ನೀರಿಂದ ಪೂರ್ತಿ ಮೇಲೆ ಬರಬಾರದು. ಆಗ ತೆಪ್ಪ ಸದ್ದಿಲ್ಲದೆ ಮುಂದಕ್ಕೆ ಜಾರುತ್ತೆ. ಮೀನು ಹಿಡಿಯೋರಿಗೆ ಆ ಸದ್ದಿಲ್ಲದ ನಡೆಯೇ ಮುಖ್ಯ. ಮೊದಲು ಸೊಂಟದುದ್ದ ನೀರಲ್ಲಿ, ಗುಂಡಿ ಇಲ್ಲದ ಕಡೆ, ಗಾಳ ಇಲ್ಲದೆ ಬರೀ ಹುಟ್ಟು ಹಾಕೋದನ್ನೇ ಕಲೀಲಿ. ಗಾಳಿ ಎದುರಿಗೆ ತೆಪ್ಪ ನೆಟ್ಟಗೆ ಏರಿಗೆ ತಂದು ಕಟ್ಟೋಕೆ ಬಂದಾಗ ಅವನು ತೆಪ್ಪ ಕಲಿತ ಅಂತ ಲೆಕ್ಕ.

ಲೈಫ್ ಜಾಕೆಟ್ ಇಲ್ಲದೆ ತೆಪ್ಪ ಹತ್ತಬಾರದು ಅಂತ ನೀವು ಆಣೆ ಇಡಿಸ್ಕೊಳ್ಳಿ. ಬೆಸ್ತರ ಮನೆಯವರು ಹಾಕಲ್ಲ ನಿಜ, ಅವರು ಹುಟ್ಟಿದಾಗಿಂದ ನೀರಲ್ಲಿ ಇರೋರು. ಇವನು ಈಗ ಶುರು ಮಾಡೋನು. ತೆಪ್ಪದಲ್ಲಿ ಎದ್ದು ನಿಲ್ಲಬಾರದು, ಇಬ್ಬರು ಒಂದೇ ಕಡೆ ಬಾಗಬಾರದು. ಮೀನು ಸಿಕ್ಕಾಗಲೇ ಇದು ಮರೆತುಹೋಗೋದು, ಅದಕ್ಕೇ ಮೊದಲೇ ಬಾಯಿಪಾಠ ಆಗಿರಬೇಕು. ಇನ್ನು ಯುಗಾದಿ ಕಳೀತಿದ್ದಂಗೇ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತೆ, ಗಾಳಿ ಎದ್ದು ಸಿಡಿಲು ಬರುತ್ತೆ. ದೂರದ ಮಾಕಳಿ ದುರ್ಗದ ಕಡೆ ಕಪ್ಪಾಯಿತು ಅಂದರೆ ಮೀನು ಗಾಳ ಕಚ್ಚಿದ್ದರೂ ಸರಿ, ದಡಕ್ಕೆ ಬರಬೇಕು. ಬಯಲು ನೀರ ಮೇಲೆ ಸಿಡಿಲಿಗೆ ಎತ್ತರವಾಗಿ ಸಿಗೋದು ಅವನ ತಲೆ ಒಂದೇ.

ಈಗ ಗಾಳಕ್ಕೆ ಬರೋಣ. ಇದಕ್ಕೆ ಸಾವಿರಾರು ರೂಪಾಯಿ ಹಾಕೋ ಅಗತ್ಯ ಇಲ್ಲ. ಅವನ ಭಾವ ಹಿಡಿದಿರೋ ರಾಡು, ರೀಲು ಬೇರೆ ಕೆಲಸಕ್ಕೆ. ಅಲ್ಲಿ ಬೋಟು ನಿಧಾನಕ್ಕೆ ಓಡಿಸ್ತಾ, ಭಾರ ಕಟ್ಟಿ ಆಳಕ್ಕೆ ಇಳಿಸಿದ ಹೊಳೆಯೋ ತಗಡನ್ನ ಹಿಂದೆ ಎಳ್ಕೊಂಡು ಹೋಗ್ತಾರೆ. ಸಾಲ್ಮನ್ ಸಣ್ಣ ಮೀನನ್ನ ಅಟ್ಟಿಸಿ ಹಿಡಿಯೋ ಮೀನು, ಹೊಳಪು ಕಂಡರೆ ನುಗ್ಗುತ್ತೆ. ನಮ್ಮ ಗೆಂಡೆ ಜಾತಿಯವು ಓಡಿ ಹಿಡಿಯೋವಲ್ಲ, ಮೇಯೋವು. ಒಂದು ಬಿದಿರು ಕಡ್ಡಿ, ತಂಗೂಸಿ ದಾರ, ಸಣ್ಣ ಗಾಳ, ಸೀಸದ ಗುಂಡು, ಜೋಳದ ದಂಟಿನ ಬೆಂಡು ಸಾಕು. ದೊಡ್ಡ ಮೀನಿಗೆ ಕೈಬಲೆ ಒಂದು ಇರಲಿ.

ಯಾವ ಮೀನು ಎಲ್ಲಿ ಮೇಯುತ್ತೆ ಅನ್ನೋದೇ ಇಲ್ಲಿ ವಿದ್ಯೆ. ಕಾಟ್ಲಾ ಬಾಯಿ ನೋಡಿದ್ದೀರಲ್ಲ, ಕೆಳದವಡೆ ಮುಂದೆ ಚಾಚಿ ಬಾಯಿ ಮೇಲಕ್ಕೆ ತೆರೆದಿರುತ್ತೆ. ಅದು ಮೇಲ್ಮೈ ನೀರಿನ ಕಣ್ಣಿಗೆ ಕಾಣದ ಜೀವಿಗಳನ್ನ ಸೋಸಿ ತಿನ್ನುತ್ತೆ. ರೋಹು ನಡುನೀರಲ್ಲಿ, ಮೃಗಾಲ್ ತಳದಲ್ಲಿ. ಅದಕ್ಕೇ ಮೂರನ್ನೂ ಒಂದೇ ಕೆರೆಗೆ ಬಿಡೋದು, ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕಲ್ಲ. ಸಾಮಾನ್ಯ ಗೆಂಡೆ ಹೊರಗಿಂದ ಬಂದ ಮೀನು, ತಳದ ಕೆಸರು ಕೆದಕುತ್ತೆ, ಜೊಂಡಿನ ಬೇರಿಗೆ ಮೊಟ್ಟೆ ಅಂಟಿಸಿ ನಿಂತ ನೀರಲ್ಲೇ ಮರಿ ಮಾಡುತ್ತೆ. ಹೊಸಬನಿಗೆ ಮೊದಲು ಸಿಗೋದು ಈ ಗೆಂಡೆ, ಇಲ್ಲಾ ಜಿಲೇಬಿ.

ಆದ್ದರಿಂದ ಬೆಂಡು ಎಲ್ಲಿ ಕಟ್ಟಬೇಕು ಅನ್ನೋದು ಯಾವ ಮೀನು ಬೇಕು ಅನ್ನೋದರ ಮೇಲೆ. ತಳದ ಮೀನಿಗೆ ಗಾಳ ಕೆಸರಿಗೆ ತಾಗೋಷ್ಟು ದಾರ ಬಿಡಬೇಕು. ಮೇವಿಗೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಅದರ ಜೊತೆ ರಾಗಿ ಹಿಟ್ಟು. ಹಿಂಡಿ ನೆನೆಸಿ, ರಾಗಿ ಹಿಟ್ಟನ್ನ ಮುದ್ದೆ ತೊಳಸಿದಂಗೆ ಬಿಸಿನೀರಲ್ಲಿ ಗಟ್ಟಿ ಮಾಡಿ, ಎರಡನ್ನೂ ಕಲಸಿ, ಗೋಲಿ ಗಾತ್ರಕ್ಕೆ ಗಾಳದ ಸುತ್ತ ಮೆತ್ತಬೇಕು. ನೀರಿಗೆ ಇಳಿದ ಕೂಡಲೇ ಕರಗಬಾರದು, ಕಲ್ಲಾಗಿಯೂ ಕೂರಬಾರದು. ನಿಮ್ಮ ಕೈ ಹದ ಅವನಿಗೆ ಇಲ್ಲಿ ಬೇಕಾಗುತ್ತೆ ಅಕ್ಕಾ. ಗಾಳ ಹಾಕೋ ಜಾಗಕ್ಕೆ ಮೊದಲೇ ನಾಲ್ಕು ಉಂಡೆ ಒಗೆದು ಸುಮ್ಮನೆ ಕಾಯಬೇಕು. ಗೆಂಡೆ ಬಂದು ಕೆದಕಿದರೆ ತಳದಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಮೇಲೇಳುತ್ತೆ. ಬೆಂಡು ಮೊದಲು ನಡುಗುತ್ತೆ. ಆಗ ಎಳೀಬಾರದು. ಮೀನು ತುಟೀಲಿ ಮುಟ್ಟಿ ನೋಡ್ತಿರುತ್ತೆ. ಬೆಂಡು ಓರೆಯಾಗಿ ಪಕ್ಕಕ್ಕೆ ಜಾರಿತು ಅಂದಾಗ ಮಣಿಕಟ್ಟು ಎತ್ತಿದರೆ ಸಾಕು.

“ಕೊರವ ಸಿಗಲ್ವಾ? ಅವರಪ್ಪ ಇದ್ದಾಗ ಕೊರವ ತಂದ್ರೆ ಮನೆಯೆಲ್ಲ ಹಬ್ಬ.”

ಸಿಗುತ್ತೆ, ಜೊಂಡಿನ ಸಂದೀಲಿ. ಅದು ಯಾರೂ ಬಿಡದಿದ್ದರೂ ಇರೋ ಮೀನು. ಕೆಸರಲ್ಲಿ ಹುದುಗಿ ಬೇಸಿಗೆ ಕಳೆಯುತ್ತೆ, ನೀರಿಂದ ಮೂತಿ ಎತ್ತಿ ಗಾಳಿ ಕುಡಿಯುತ್ತೆ. ಎರೆಹುಳಕ್ಕೂ ಬರುತ್ತೆ, ಸಣ್ಣ ಕಪ್ಪೆಗಂತೂ ಬಿಡೋದೇ ಇಲ್ಲ. ಆದರೆ ಒಂದು ಮಾತು ಹುಡುಗನಿಗೆ ಬಿಗಿಯಾಗಿ ಹೇಳಿ. ಮಳೆ ಬಿದ್ದ ಮೇಲೆ ಜೊಂಡಿನ ಪಕ್ಕ ನೀರ ಮೇಲೆ ಕೆಂಪನೆ ಮರಿಗಳು ಒಂದೇ ಗುಂಪಾಗಿ ಮೇಲೆ ಕೆಳಗೆ ಆಡ್ತಾ ಇರ್ತವೆ. ಅದರ ಕೆಳಗೇ ತಾಯಿ ತಂದೆ ಎರಡೂ ಕಾವಲಿರ್ತವೆ. ಮರಿ ಹತ್ರ ಏನು ಬಂದರೂ ಎರಗ್ತವೆ, ಅದಕ್ಕೇ ಆಗ ಗಾಳ ಹಾಕಿದರೆ ತಪ್ಪದೆ ಕಚ್ಚುತ್ತವೆ. ಅಂಥ ಹೊತ್ತಲ್ಲಿ ಕೊರವ ಹಿಡೀಬಾರದು. ಕಾವಲು ಹೋದರೆ ಗಂಟೆ ಹೊತ್ತಲ್ಲಿ ಮರಿಯೆಲ್ಲ ಜಿಲೇಬಿ ಪಾಲು, ಕೊಕ್ಕರೆ ಪಾಲು. ಕೊರವ ನಮ್ಮ ಕೆರೆಯ ಸ್ವಂತ ಮೀನು. ಅದು ಕಮ್ಮಿಯಾಗಿದೆ.

ಸ್ವಂತ ಮೀನು ಅಂದಾಗ ಕಾವೇರಿಯ ಬಿಳಿಮೀನಿನ ಕತೆ ಹೇಳಲೇಬೇಕು. ಮಹಶೀರ್ ಅಂತಾರಲ್ಲ, ಅದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದಿದ್ದು 120 ಪೌಂಡು ತೂಗಿತ್ತು, ಅಂದರೆ ಸುಮಾರು 54 ಕಿಲೋ. ಅವನ ಭಾವನ ಚಿನೂಕ್ ಜಾತಿಯಲ್ಲಿ ಗಾಳಕ್ಕೆ ಸಿಕ್ಕಿದ ದಾಖಲೆ ಮೀನು 1985ರ ಮೇ ತಿಂಗಳಲ್ಲಿ ಅಲಾಸ್ಕಾದ ಕೀನೈ ನದಿಯದು, ಅದು 97 ಪೌಂಡು ಚಿಲ್ಲರೆ. ನಮ್ಮ ಕಬಿನಿ ಮೀನೇ ದೊಡ್ಡದು. ಹುಡುಗನಿಗೆ ಇದನ್ನ ಹೇಳಿ, ಅವನ ಭಾವನಿಗೂ ಹೇಳಲಿ. ಮುತ್ತತ್ತಿ, ಭೀಮೇಶ್ವರಿ ಕಡೆ ದೇಶ ವಿದೇಶದವರು ಬಂದು ಇದೇ ದುಂಡನೆ ತೆಪ್ಪದಲ್ಲಿ ಕೂತು ಬಿಳಿಮೀನಿಗೆ ಗಾಳ ಹಾಕ್ತಿದ್ದರು. ಗಾಳಕ್ಕೆ ಮೆತ್ತುತಿದ್ದದ್ದು ಬೇಯಿಸಿದ ರಾಗಿ ಮುದ್ದೆ. ಆ ಮೀನು ಈಗ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನ ಅತ್ಯಂತ ಅಪಾಯದಲ್ಲಿರೋ ಜೀವಿಗಳ ಪಟ್ಟಿಗೆ ಸೇರಿಸಿದರು. ನದಿಗೆ ಕಟ್ಟೆ ಕಟ್ಟಿದ್ದು, ಸಿಡಿಮದ್ದು ಹಾಕಿ ಮೀನು ಕೊಂದಿದ್ದು, ಹೊರಗಿನ ತಳಿ ತಂದು ಬಿಟ್ಟಿದ್ದು, ಎಲ್ಲಾ ಸೇರಿ ಹಂಗಾಯ್ತು. ಅಷ್ಟು ದೊಡ್ಡ ಹೊಳೇಲೇ ಹಂಗಾದರೆ ನಮ್ಮ ಕೆರೆ ಯಾವ ಲೆಕ್ಕ?

ಕೆರೆ ಮೊದಲು ಅಂತ ನಾನು ಹಟ ಹಿಡಿಯೋದು ಅದಕ್ಕೇ. ಸಾಲ್ಮನ್ ಸಮುದ್ರದಲ್ಲಿ ವರ್ಷಗಟ್ಟಲೆ ಅಲೆದು, ಹುಟ್ಟಿದ ಹೊಳೆಯನ್ನ ನೀರಿನ ವಾಸನೆಯಲ್ಲೇ ಗುರುತು ಹಿಡಿದು ವಾಪಸ್ ಬರುತ್ತೆ. ಅಲ್ಲೇ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತೆ. ಆ ಹೊಳೆ ಕೆಟ್ಟರೆ ಆ ಮೀನಿಗೆ ಬೇರೆ ಮನೆ ಇಲ್ಲ. ನಮ್ಮ ಕಾಟ್ಲಾಗೆ ವಾಪಸ್ ಹೋಗೋಕೆ ಹೊಳೆಯೇ ಇಲ್ಲ, ಇರೋದು ನಾವು ತುಂಬಿಸಿಟ್ಟ ಕೆರೆ ಒಂದೇ. ಈಗ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರ್ತಿದೆ. ಕೆರೇಲಿ ನೀರಿದ್ದರೆ ಅಂತರ್ಜಲ ಏರುತ್ತೆ, ಸಂತೋಷವೇ. ಆದರೆ ಆ ನೀರು ಎಷ್ಟು ಶುದ್ಧ ಅಂತ ದಿನಾ ಕಣ್ಣಿಟ್ಟು ನೋಡೋರು ಬೇಕು. ಬೇಸಿಗೇಲಿ ನೀರು ಹಸಿರುಗಟ್ಟಿದಾಗ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಡಿದುಕೊಳ್ಳೋದು ನೀರಲ್ಲಿ ಉಸಿರಿಗೆ ಗಾಳಿ ಸಾಲದಾದಾಗ. ಅದನ್ನ ಮೊದಲು ಕಾಣೋನು ಯಾರು? ಆಫೀಸಿನಲ್ಲಿ ಕೂತವರಲ್ಲ, ಬೆಳಕು ಹರಿಯೋ ಮುಂಚೆ ತೆಪ್ಪ ಇಳಿಸೋನು. ಹಿಂದೆ ನೀರಗಂಟಿ ತೂಬು, ಕೋಡಿ ಎರಡನ್ನೂ ಕಾಯ್ತಿದ್ದ. ಈಗ ಎಷ್ಟು ಊರಲ್ಲಿ ನೀರಗಂಟಿ ಇದ್ದಾನೆ? ಆ ಕಣ್ಣು ಇಂಥ ಹುಡುಗರಿಗೆ ಬರಲಿ ಅನ್ನೋದು ನನ್ನ ಆಸೆ.

“ಹಂಗಾದ್ರೆ ಕಳಿಸ್ಲಾ ಮೇಷ್ಟ್ರೇ?”

ಕಳಿಸಿ ಅಕ್ಕಾ. ಈ ಭಾನುವಾರ ಬೆಳಿಗ್ಗೆ ನನ್ನ ಜೊತೆ ಬರಲಿ, ಗಾಳ ಬೇಡ, ಒಂದು ನೋಟ್‌ಬುಕ್ಕು, ಉದ್ದನೆ ಕೋಲು ತರಲಿ. ಅಂಗಳ ಪೂರ್ತಿ ಸುತ್ತಿ, ಒಂದೊಂದು ಗುಂಡಿ ಎಲ್ಲಿದೆ, ಕೋಲು ಇಳಿಸಿದರೆ ಎಷ್ಟು ಆಳ ಅಂತ ಬರೆದು ನಕ್ಷೆ ಮಾಡಲಿ. ಒಂದು ಪ್ರತಿ ಪಂಚಾಯ್ತಿಗೆ ಕೊಡೋಣ. ಮಳೆಗಾಲಕ್ಕೆ ಮುಂಚೆ ಗುಂಡಿ ಮುಚ್ಚಿಸಿ, ಆಗದಿದ್ದರೆ ಸುತ್ತ ಕಂಬ ನೆಟ್ಟು ಕೆಂಪು ಬಟ್ಟೆ ಕಟ್ಟಿಸಿ ಅಂತ ಗ್ರಾಮಸಭೆಯಲ್ಲಿ ಕೇಳೋಣ. ಇನ್ನೊಂದು ಪ್ರತಿ ಗುತ್ತಿಗೆಯವರಿಗೆ ಕೊಟ್ಟರೆ ಅವರ ಬಲೆಯೂ ಉಳಿಯುತ್ತೆ, ಇವನಿಗೆ ತೆಪ್ಪದಲ್ಲಿ ಜಾಗಾನೂ ಸಿಗುತ್ತೆ. ಹೊಸತೊಡಕಿಗೆ ಕೆರೆ ಮೀನಿನ ಸಾರು ಬೇಕು ಅಂದರೆ ಈ ವರ್ಷ ದುಡ್ಡು ಕೊಟ್ಟೇ ತನ್ನಿ, ಎಳೆ ಮಾವಿನಕಾಯಿ ಹಾಕಿ ಮಾಡಿ. ಮುಂದಿನ ವರ್ಷದ ಮೀನು ಅವನೇ ತರ್ತಾನೆ, ಆ ಹೊತ್ತಿಗೆ ಊರಿನ ಮಿಕ್ಕ ಹುಡುಗರಿಗೆ ಎಲ್ಲಿ ಇಳೀಬೇಕು, ಎಲ್ಲಿ ಇಳೀಬಾರದು ಅಂತ ಹೇಳಿಕೊಡೋನೂ ಅವನೇ ಆಗಿರ್ತಾನೆ.